ಪ್ಲಾಸ್ಟಿಕ್ ಶೀಟ್ ಮೇಲೆ ಅಂದುಕೊಂಡ ಬಣ್ಣವೇ ಬರಬೇಕಾದರೆ

ಸ್ಕ್ರೀನ್ ಪ್ರಿಂಟಿಂಗ್‌ಗೆ ಕೈಹಾಕಿದ ಹೊಸತರಲ್ಲಿ ಪಾರದರ್ಶಕ ಅಕ್ರಿಲಿಕ್ ಶೀಟ್ ಮೇಲೆ ಕೆಂಪು ಅಕ್ಷರ ಹೊಡೆದಿದ್ದೆ. ಬಿಳಿ ಕಾಗದದ ಮೇಲಿಟ್ಟಾಗ ಬಣ್ಣ ಸ್ಯಾಂಪಲ್‌ಗೆ ಚೆನ್ನಾಗಿ ಹೊಂದಿತ್ತು. ಅದನ್ನೇ ಗಾಢ ಕಂದು ಬಾಗಿಲಿಗೆ ಕೂರಿಸಿದರೆ ಕೆಂಪು ಮಂಕಾಗಿ ಇಟ್ಟಿಗೆಯಂತೆ ಕಂಡಿತು. ನಲವತ್ತು ಶೀಟ್ ಮತ್ತೆ ಹೊಡೆಯಬೇಕಾಯಿತು. ಅಂದಿನಿಂದ ಇಂಕ್ ಡಬ್ಬಿ ತೆರೆಯುವ ಮೊದಲು ಶೀಟ್ ನೋಡುತ್ತೇನೆ, ಅದರ ಹಿಂದೆ ಏನು ಬರುತ್ತದೆ ಅಂತ ಕೇಳುತ್ತೇನೆ.

ಬಹುತೇಕ ಇಂಕ್‌ಗಳು ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಬೆಳಕು ಇಂಕ್ ದಾಟಿ, ಹಿಂದಿನ ಬಿಳಿಗೆ ತಾಗಿ ವಾಪಸ್ ಬಂದಾಗಲೇ ಬಣ್ಣಕ್ಕೆ ಜೀವ. ಕಾಗದಕ್ಕೆ ಆ ಬಿಳಿ ಹುಟ್ಟಿನಿಂದಲೇ ಇದೆ, ಪಾರದರ್ಶಕ ಶೀಟ್‌ಗೆ ನಾವೇ ಕೊಡಬೇಕು. ಬಿಳಿಯನ್ನು ಒಂದೇ ಸಲ ದಪ್ಪಗೆ ಎಳೆಯುವ ಬದಲು ತೆಳುವಾಗಿ ಎರಡು ಕೋಟ್ ಹೊಡೆದು, ನಡುವೆ ಒಣಗಲು ಬಿಡಿ. ಸಾಕಾಯಿತೇ ಅಂತ ತಿಳಿಯಲು ಕಾಗದದ ಮೇಲೆ ಕಪ್ಪು ಗೆರೆ ಎಳೆದು, ಅದರ ಮೇಲೆ ಶೀಟ್ ಇಡಿ. ಗೆರೆ ಇಣುಕಿದರೆ ಇನ್ನೊಂದು ಕೋಟ್ ಬೇಕು. ಶೀಟ್‌ನ ಹಿಂಬದಿಗೆ ಹೊಡೆದು ಮುಂದಿನಿಂದ ನೋಡುವ ಕೆಲಸವಾದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಬಣ್ಣ ಮೊದಲು, ಬಿಳಿ ಕೊನೆಗೆ. ಹಿಂದೆ ಲೈಟ್ ಉರಿಯುವ ಬೋರ್ಡ್ ಆದರೆ ಲೈಟ್ ಹಾಕಿಯೇ ಬಣ್ಣ ಒಪ್ಪಿಸಿ. ಆರಿಸಿದಾಗ ಸರಿ ಕಂಡದ್ದು ಉರಿದಾಗ ಪೇಲವವಾಗಿರುತ್ತದೆ.

ಬಣ್ಣ ಬೆರೆಸುವಾಗ ಕಣ್ಣಳತೆಯನ್ನು ನಂಬಬೇಡಿ. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಪ್ರತಿ ತೂಕವನ್ನೂ ಬರೆದಿಡಿ. ಮುಂದಿನ ಆರ್ಡರ್‌ಗೆ ಆ ಪುಸ್ತಕವೇ ಆಧಾರ. ತಿಳಿ ಬಣ್ಣಕ್ಕೆ ಗಾಢ ಬಣ್ಣ ಸೇರಿಸುತ್ತ ಹೋಗಬೇಕು, ಅದೂ ಹನಿ ಹನಿಯಾಗಿ. ಕಪ್ಪು ಒಮ್ಮೆ ಹೆಚ್ಚಾಯಿತೋ, ಸರಿಮಾಡಲು ಡಬ್ಬಿಗಟ್ಟಲೆ ಇಂಕ್ ಸುರಿಯಬೇಕಾಗುತ್ತದೆ.

ಬೆರೆಸಿದ್ದನ್ನು ಬೆರಳಿನಿಂದ ಕಾಗದಕ್ಕೆ ಒರೆಸಿ ನೋಡುವ ಅಭ್ಯಾಸ ಬಿಟ್ಟುಬಿಡಿ. ಕೆಲಸಕ್ಕೆ ಬಳಸುವ ಅದೇ ಶೀಟ್, ಅದೇ ಮೆಶ್ (ಇಂಕ್ ಇಳಿಯುವ ಜಾಲರಿ ಬಟ್ಟೆ), ಅದೇ ಸ್ಕ್ವೀಜಿಯಲ್ಲೇ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಟ್ರಯಲ್ ಎಳೆಯಿರಿ. ಸೆಂಟಿಮೀಟರಿಗೆ 77 ಎಳೆಯ ಮೆಶ್ 120 ಎಳೆಯದಕ್ಕಿಂತ ದಪ್ಪ ಪದರ ಬಿಡುತ್ತದೆ. ಹೀಗಾಗಿ ಒಂದೇ ಡಬ್ಬಿಯಿಂದ ಎರಡು ಬಣ್ಣ ಕಾಣುತ್ತದೆ. ಹಸಿಯಾಗಿದ್ದಾಗ ತೀರ್ಮಾನ ಬೇಡ. ದ್ರಾವಕ ಆವಿಯಾಗಿ ಒಣಗುವ ಸಾಲ್ವೆಂಟ್ ಇಂಕ್ ಪೂರ್ತಿ ಒಣಗಲಿ, ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಯುವಿ ಇಂಕ್ ಲ್ಯಾಂಪಿನಡಿ ಹಾದುಬರಲಿ, ಆಮೇಲೆ ಸ್ಯಾಂಪಲ್ ಪಕ್ಕದಲ್ಲಿಟ್ಟು ನೋಡಿ.

ನೋಡುವ ಬೆಳಕು ಯಾವುದು? ಮುದ್ರಣದಲ್ಲಿ ಒಪ್ಪಿತ ಅಳತೆ ಡಿ50 ಎಂಬ ಹಗಲು ಬೆಳಕಿನಂಥ ಬಿಳಿ ಬೆಳಕು, ಬೆಳಕಿನ ಬಣ್ಣ ಅಳೆಯುವ ಮಾನದಲ್ಲಿ ಸುಮಾರು 5000 ಕೆಲ್ವಿನ್. ಅಂಥ ಲ್ಯಾಂಪ್ ಇಲ್ಲದಿದ್ದರೆ ಹಗಲು ಬೆಳಕಿನಲ್ಲೊಮ್ಮೆ, ಬೋರ್ಡ್ ಇರುವ ಜಾಗದ ದೀಪದಲ್ಲೊಮ್ಮೆ ಹೋಲಿಸಿ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣ ಇನ್ನೊಂದರಲ್ಲಿ ಬೇರೆಯಾಗುವುದು ನಿಜ. ಕಮ್ಮಿ ಪಿಗ್ಮೆಂಟ್‌ಗಳಿಂದ (ಇಂಕ್‌ಗೆ ಬಣ್ಣ ಕೊಡುವ ಪುಡಿಗಳು) ಬೆರೆಸಿದಷ್ಟೂ ಈ ಕಾಟ ಕಡಿಮೆ. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಬಳಸುವವರು ಪಾರದರ್ಶಕ ಶೀಟ್ ಅಡಿಗೆ ಪ್ರತಿ ಸಲವೂ ಅದೇ ಬಿಳಿ ಹಲಗೆ ಇಡಬೇಕು, ಇಲ್ಲದಿದ್ದರೆ ಮೇಜಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಯುವಿ ಇಂಕ್‌ಜೆಟ್ ಯಂತ್ರವಾದರೆ ಆ ಶೀಟ್‌ಗೆಂದೇ ಪ್ರೊಫೈಲ್ (ಬಣ್ಣ ಹೇಗೆ ಮೂಡಿಸಬೇಕೆಂದು ಯಂತ್ರಕ್ಕೆ ಹೇಳುವ ಫೈಲ್) ಮಾಡಿಸಿ. ಕಾಗದದ ಪ್ರೊಫೈಲ್ ಇಲ್ಲಿ ಉಪಯೋಗಕ್ಕೆ ಬರದು.

ಇಷ್ಟೆಲ್ಲ ಮಾಡಿಯೂ ಬಣ್ಣ ಅಲ್ಲಲ್ಲಿ ಒಡೆದು, ಚುಕ್ಕೆ ಚುಕ್ಕೆಯಾಗಿ ನಿಂತರೆ ತಪ್ಪು ಶೀಟ್‌ನ ಮೈಯಲ್ಲಿದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಡೈನ್ ಪೆನ್ ಎಳೆಯಿರಿ. ಇಂಕ್ ಹರಡಿ ಅಂಟುವಷ್ಟು ಶಕ್ತಿ ಶೀಟ್‌ನ ಮೈಗೆ ಇದೆಯೇ ಅಂತ ಡೈನ್ ಲೆಕ್ಕದಲ್ಲಿ ತೋರಿಸುವ ಪೆನ್ ಇದು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಸಹಜವಾಗಿ 30 ಡೈನ್ ಆಸುಪಾಸಿನಲ್ಲಿರುತ್ತದೆ, ಇಂಕ್ ಹರಡಿ ಕೂರಲು 38 ಆದರೂ ಬೇಕು. ಅಂಥದ್ದನ್ನು ಕೊರೋನಾ ಟ್ರೀಟ್‌ಮೆಂಟ್ (ವಿದ್ಯುತ್ ಹಾಯಿಸಿ ಮೈಗೆ ಇಂಕ್ ಹಿಡಿಯುವಂತೆ ಮಾಡುವ ವಿಧಾನ) ಆಗಿರುವ ಶೀಟ್ ಅಂತಲೇ ಕೇಳಿ ತರಿಸಿ, ಹೊಡೆಯುವ ದಿನವೇ ಇನ್ನೊಮ್ಮೆ ಪೆನ್ ಎಳೆಯಿರಿ. ಗೋಡೌನಿನಲ್ಲಿ ತಿಂಗಳುಗಟ್ಟಲೆ ಬಿದ್ದರೆ ಆ ಟ್ರೀಟ್‌ಮೆಂಟ್ ಇಳಿದುಹೋಗಿರುತ್ತದೆ.