ಆಲ್ಫಾಫೋಲ್ಡ್ ನೆರವಿನಿಂದ ಒಂದು ಕಿಣ್ವದ ರಚನೆಯನ್ನು ಬಿಡಿಸಿದ ಬಗೆ

ಪ್ರೋಟೀನುಗಳ ಮೂರು ಆಯಾಮದ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸುವುದು ನನ್ನ ಕೆಲಸ. ಒಂದು ಬ್ಯಾಕ್ಟೀರಿಯಾದ ಕಿಣ್ವದ ಹರಳುಗಳು ನಮ್ಮ ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ಬೆಳೆದಿದ್ದವು, ಅವುಗಳಿಂದ ಪಡೆದ ವಿವರ್ತನೆಯ ದತ್ತಾಂಶವೂ ಸ್ಪಷ್ಟವಾಗಿತ್ತು; ಆದರೂ ಆ ಕಿಣ್ವದ ರಚನೆ ಹಲವು ವರ್ಷ ನಮ್ಮ ಕೈಗೆ ಹತ್ತಲಿಲ್ಲ. ಕಾರಣ ಈ ಕ್ಷೇತ್ರದವರೆಲ್ಲರಿಗೂ ಗೊತ್ತಿರುವ ಫೇಸ್ ಸಮಸ್ಯೆ. ಹರಳಿನಿಂದ ಚದುರಿ ಬಂದ ಕಿರಣ ಪತ್ತೆಕಾರಕದ ಮೇಲೆ ಮೂಡಿಸುವ ಪ್ರತಿ ಚುಕ್ಕೆಯ ತೀವ್ರತೆಯನ್ನು ಅಳೆಯಬಹುದು. ಆದರೆ ಆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿ ಬಂದು ತಲುಪಿತು, ಅಂದರೆ ಅದರ ಫೇಸ್ ಎಷ್ಟು ಎಂಬ ಮಾಹಿತಿ ಅಳತೆಯಲ್ಲಿ ಉಳಿಯುವುದೇ ಇಲ್ಲ. ಇವೆರಡೂ ಇಲ್ಲದೆ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯನ್ನು ಲೆಕ್ಕ ಹಾಕಲಾಗದು, ನಕ್ಷೆಯಿಲ್ಲದೆ ಪರಮಾಣುಗಳನ್ನು ಅವುಗಳ ಜಾಗದಲ್ಲಿ ಕೂರಿಸಲಾಗದು.

ಇದಕ್ಕೆ ಹಳೆಯ ಪರಿಹಾರಗಳಿವೆ. ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್ ಹರಳುಗಳಿಗೆ ಭಾರ ಪರಮಾಣುಗಳನ್ನು ಸೇರಿಸಿ ಫೇಸ್ ಪಡೆಯುವ ದಾರಿಯನ್ನು ತೋರಿಸಿದರು. ಅವರೂ ಜಾನ್ ಕೆಂಡ್ರ್ಯೂ ಅವರೂ 1962ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅದೇ ವರ್ಷ ಮೈಕೆಲ್ ರೋಸ್‌ಮನ್ ಮತ್ತು ಡೇವಿಡ್ ಬ್ಲೋ ಅಡಿಪಾಯ ಹಾಕಿದ ಇನ್ನೊಂದು ವಿಧಾನ ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್. ಅದರಲ್ಲಿ, ಈಗಾಗಲೇ ಬಿಡಿಸಿರುವ ಹೋಲಿಕೆಯ ರಚನೆಯೊಂದನ್ನು ಹರಳಿನ ಏಕಮಾನ ಕೋಶದೊಳಗೆ (ಹರಳಿನ ಉದ್ದಕ್ಕೂ ಮರುಕಳಿಸುವ ಅತಿ ಚಿಕ್ಕ ಘಟಕದೊಳಗೆ) ತಿರುಗಿಸಿ, ಸರಿಸಿ, ದತ್ತಾಂಶಕ್ಕೆ ಹೊಂದುವ ಸ್ಥಾನವನ್ನು ಹುಡುಕಿ, ಆರಂಭದ ಫೇಸ್‌ಗಳನ್ನು ಅದರಿಂದಲೇ ಎರವಲು ಪಡೆಯಲಾಗುತ್ತದೆ. ನಮ್ಮ ಕಿಣ್ವಕ್ಕೆ ಇವೆರಡೂ ಒಗ್ಗಲಿಲ್ಲ. ಭಾರ ಪರಮಾಣುವಿನ ಪಾತ್ರಕ್ಕೆಂದು ಸೆಲೆನಿಯಂ ಸೇರಿಸಿ ತಯಾರಿಸಿದ ಪ್ರೋಟೀನು ಬಳಕೆಗೆ ಬರುವಂಥ ಹರಳುಗಳನ್ನು ಕೊಡಲಿಲ್ಲ. ಹೋಲಿಕೆಗೆ ಸಿಕ್ಕ ರಚನೆಗಳು ಅಮೈನೋ ಆಮ್ಲಗಳ ಅನುಕ್ರಮದಲ್ಲಿ ತೀರ ದೂರದ ಸಂಬಂಧಿಗಳಾಗಿದ್ದವು.

ಪ್ರೋಟೀನಿನ ಆಕಾರವನ್ನು ನಿರ್ಧರಿಸುವ ಮಾಹಿತಿ ಅದರ ಅನುಕ್ರಮದಲ್ಲೇ ಇದೆ ಎಂಬುದನ್ನು ಕ್ರಿಶ್ಚಿಯನ್ ಆನ್‌ಫಿನ್ಸೆನ್ ರೈಬೋನ್ಯೂಕ್ಲಿಯೇಸ್ ಮೇಲಿನ ಪ್ರಯೋಗಗಳಿಂದ ತೋರಿಸಿ 1972ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದಿದ್ದರು. ಆ ಮಾಹಿತಿಯನ್ನು ಗಣಕದಿಂದ ಓದಿಸುವ ಪ್ರಯತ್ನಗಳನ್ನು 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಕ್ಯಾಸ್ಪ್ ಪರೀಕ್ಷೆ ಒರೆಗೆ ಹಚ್ಚುತ್ತ ಬಂದಿದೆ. ಇನ್ನೂ ಪ್ರಕಟವಾಗದ ರಚನೆಗಳನ್ನು ಊಹಿಸುವಂತೆ ಅಲ್ಲಿ ಕೇಳಲಾಗುತ್ತದೆ, ಆದ್ದರಿಂದ ಉತ್ತರವನ್ನು ಮೊದಲೇ ನೋಡಿಕೊಳ್ಳಲು ಅವಕಾಶವಿಲ್ಲ. 2020ರ ಸುತ್ತಿನಲ್ಲಿ ಡೀಪ್‌ಮೈಂಡ್ ತಂಡ ರೂಪಿಸಿದ, ಅನುಕ್ರಮದಿಂದ ರಚನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ಕ್ರಮವಿಧಿ ಆಲ್ಫಾಫೋಲ್ಡ್ 2 ನೂರಕ್ಕೆ 92.4ರ ಮಧ್ಯಕ ಅಂಕವನ್ನು ಗಳಿಸಿತು; ಸುಮಾರು 90 ಬಂದರೆ ಪ್ರಯೋಗದ ಫಲಿತಾಂಶಕ್ಕೆ ಸರಿಸಾಟಿ ಎಂಬುದು ಅಲ್ಲಿನ ಅಂದಾಜು. ನನ್ನನ್ನು ಹೆಚ್ಚು ತಟ್ಟಿದ್ದು ಆ ಅಂಕವಲ್ಲ. ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಆಂಡ್ರೇ ಲೂಪಸ್ ಅವರ ಗುಂಪು ಸುಮಾರು ಒಂದು ದಶಕ ಬಿಡಿಸಲಾಗದೆ ಉಳಿಸಿಕೊಂಡಿದ್ದ ಪ್ರೋಟೀನಿನ ದತ್ತಾಂಶವು, ಆ ಸುತ್ತಿನಲ್ಲಿ ಬಂದ ಊಹೆಯ ಮಾದರಿಯನ್ನು ಬಳಸಿದೊಡನೆ ಬಿಡಿಸಿಕೊಂಡಿತ್ತು. ನಮ್ಮ ಕಷ್ಟವೂ ಅದೇ ಜಾತಿಯದು. 2021ರ ಜುಲೈಯಲ್ಲಿ ಕ್ರಮವಿಧಿಯನ್ನು ಎಲ್ಲರಿಗೂ ತೆರೆದಿಟ್ಟಾಗ ನಾವು ನಮ್ಮ ಹಳೆಯ ಕಡತಗಳನ್ನು ಮತ್ತೆ ತೆಗೆದೆವು.

ಅನುಕ್ರಮವನ್ನು ಕೊಟ್ಟು ಮಾದರಿ ಪಡೆಯುವುದು ಕೆಲಸದ ಅತ್ಯಂತ ಸುಲಭದ ಭಾಗ. ಆ ಕ್ರಮವಿಧಿ ಮೊದಲು ಸಂಬಂಧಿ ಜೀವಿಗಳ ಅನುಕ್ರಮಗಳನ್ನು ಕಲೆಹಾಕಿ ಒಂದರ ಕೆಳಗೊಂದು ಜೋಡಿಸುತ್ತದೆ. ಸರಪಳಿಯಲ್ಲಿ ದೂರವಿರುವ ಎರಡು ಅಮೈನೋ ಆಮ್ಲಗಳು ವಿಕಾಸದ ಹಾದಿಯಲ್ಲಿ ಜೊತೆಜೊತೆಯಾಗಿ ಬದಲಾಗಿದ್ದರೆ ಅವು ಮಡಿಸಿದ ರಚನೆಯಲ್ಲಿ ಪರಸ್ಪರ ತಾಗಿಕೊಂಡಿರುವ ಸಂಭವ ಹೆಚ್ಚು. ಊಹೆಗೆ ಬಲ ಬರುವುದು ಬಹುಮಟ್ಟಿಗೆ ಇಂಥ ಸುಳಿವುಗಳಿಂದ. ಆದ್ದರಿಂದ ಮಾದರಿಯ ಚಂದವನ್ನು ನೋಡುವ ಮೊದಲು ಆ ಜೋಡಣೆ ಎಷ್ಟು ಸಮೃದ್ಧವಾಗಿದೆ ಎಂದು ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಮ್ಮ ಕಿಣ್ವಕ್ಕೆ ಸಾಕಷ್ಟು ಸಂಬಂಧಿಗಳಿದ್ದವು.

ಮಾದರಿಯನ್ನು ಬಂದ ಹಾಗೆಯೇ ಬಳಸಲಿಲ್ಲ. ಪ್ರತಿ ಅಮೈನೋ ಆಮ್ಲಕ್ಕೂ ಆಲ್ಫಾಫೋಲ್ಡ್ ಪಿಎಲ್‌ಡಿಡಿಟಿ ಎಂಬ ವಿಶ್ವಾಸದ ಅಂಕವನ್ನು ಕೊಡುತ್ತದೆ. 90ಕ್ಕಿಂತ ಮೇಲಿದ್ದರೆ ಬಹಳ ನಂಬಬಹುದು, 70ಕ್ಕಿಂತ ಕೆಳಗಿದ್ದರೆ ಎಚ್ಚರ ಬೇಕು. 70ರ ಕೆಳಗಿದ್ದ ತುದಿಗಳನ್ನೂ ಸಡಿಲ ಕುಣಿಕೆಗಳನ್ನೂ ಕತ್ತರಿಸಿ ತೆಗೆದೆವು. ಈ ಅಂಕವನ್ನು ಕಡತದಲ್ಲಿ ಬರೆದಿರುವುದು ಸಾಮಾನ್ಯವಾಗಿ ಬಿ-ಫ್ಯಾಕ್ಟರ್ ಇರುವ ಕಾಲಮ್ಮಿನಲ್ಲಿ, ಆದರೆ ಎರಡರ ಅರ್ಥವೂ ವಿರುದ್ಧ: ಬಿ-ಫ್ಯಾಕ್ಟರ್ ಹೆಚ್ಚಿದಷ್ಟೂ ಪರಮಾಣುವಿನ ಸ್ಥಾನ ಅಸ್ಪಷ್ಟ, ವಿಶ್ವಾಸದ ಅಂಕ ಹೆಚ್ಚಿದಷ್ಟೂ ಸ್ಥಾನ ಖಚಿತ. ಹಾಗಾಗಿ ಅಂಕಗಳನ್ನು ಮೊದಲು ಬಿ-ಫ್ಯಾಕ್ಟರ್‌ಗಳಾಗಿ ಪರಿವರ್ತಿಸಬೇಕು. ಇದನ್ನು ಮಾಡುವ ಉಪಕರಣಗಳು ಈಗ ಸುಲಭವಾಗಿ ಸಿಗುತ್ತವೆ. ಇನ್ನು ಪಿಎಇ ಎಂಬ ನಕ್ಷೆ ಪ್ರೋಟೀನಿನ ಭಾಗಗಳು ಒಂದಕ್ಕೊಂದು ಯಾವ ಕೋನದಲ್ಲಿವೆ ಎಂಬ ಊಹೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ. ನಮ್ಮ ಕಿಣ್ವದ ಎರಡು ಡೊಮೇನುಗಳು, ಅಂದರೆ ಪ್ರತ್ಯೇಕವಾಗಿ ಮಡಿಸಿಕೊಂಡ ಭಾಗಗಳು, ಒಂದೊಂದಾಗಿ ಬಹಳ ಖಚಿತವಾಗಿದ್ದವು, ಅವುಗಳ ನಡುವಿನ ಕೋನ ಮಾತ್ರ ಅನಿಶ್ಚಿತವಾಗಿತ್ತು. ಎರಡನ್ನೂ ಬೇರ್ಪಡಿಸಿ ಫೇಸರ್ ಎಂಬ ಕ್ರಮವಿಧಿಗೆ ಪ್ರತ್ಯೇಕವಾಗಿ ಹುಡುಕಲು ಕೊಟ್ಟೆವು. ಅದು ಕೊಡುವ ಟಿಎಫ್‌ಝಡ್ ಅಂಕ 8ಕ್ಕಿಂತ ಹೆಚ್ಚಿದ್ದರೆ ಪರಿಹಾರ ಸಿಕ್ಕಿದೆ ಎಂದು ಸಾಮಾನ್ಯವಾಗಿ ನಂಬಬಹುದು. ಎರಡು ಡೊಮೇನುಗಳೂ ಆ ಮಿತಿಯನ್ನು ಆರಾಮವಾಗಿ ದಾಟಿದವು. ಅಷ್ಟು ವರ್ಷ ಕಾದಿದ್ದ ನಕ್ಷೆ ಪರದೆಯ ಮೇಲೆ ಸುರುಳಿ ಸುರುಳಿಯಾಗಿ ತೆರೆದುಕೊಂಡಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಹೆಚ್ಚಿನ ಶ್ರಮ ಬೇಕಾದದ್ದು ಇಲ್ಲಿಂದ ಮುಂದೆ. ಫೇಸ್‌ಗಳನ್ನು ಮಾದರಿಯಿಂದ ಎರವಲು ಪಡೆದಾಗ, ನಕ್ಷೆ ಹರಳಿನಲ್ಲಿ ಇರುವುದನ್ನು ತೋರಿಸುವ ಬದಲು ನಾವು ಕೊಟ್ಟದ್ದನ್ನೇ ಮರಳಿ ತೋರಿಸುವ ಅಪಾಯವಿದೆ. ಆದ್ದರಿಂದ ಮಾದರಿಯ ಒಂದೊಂದು ತುಂಡನ್ನು ತೆಗೆದುಹಾಕಿ, ಉಳಿದದ್ದರಿಂದ ಮಾತ್ರ ನಕ್ಷೆಯನ್ನು ಲೆಕ್ಕ ಹಾಕಿ, ತೆಗೆದ ತುಂಡಿನ ಸಾಂದ್ರತೆ ತಾನಾಗಿಯೇ ಮರಳಿ ಮೂಡುತ್ತದೆಯೇ ಎಂದು ಸರಪಳಿಯ ಉದ್ದಕ್ಕೂ ನೋಡುತ್ತ ಹೋದೆವು. ಆಕ್ಸೆಲ್ ಬ್ರುಂಗರ್ 1992ರಲ್ಲಿ ಸೂಚಿಸಿದ ಆರ್-ಫ್ರೀ ಕ್ರಮದಂತೆ ದತ್ತಾಂಶದ ಸಣ್ಣ ಪಾಲನ್ನು ಪರಿಷ್ಕರಣೆಯಿಂದ ಹೊರಗಿಟ್ಟು, ಮಾದರಿ ಅದಕ್ಕೂ ಹೊಂದುತ್ತದೆಯೇ ಎಂದು ಪ್ರತಿ ಹಂತದಲ್ಲೂ ಅಳೆದೆವು. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಕೋನಗಳ ನಕ್ಷೆಯಲ್ಲಿ ನಮ್ಮ ಮಾದರಿ ಮೊದಲಿನಿಂದಲೂ ಅಚ್ಚುಕಟ್ಟಾಗಿತ್ತು. ಊಹೆಯಿಂದ ಹುಟ್ಟಿದ ಮಾದರಿಗಳ ವಿಷಯದಲ್ಲಿ ಅದನ್ನು ಸಾಕ್ಷ್ಯವೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಅವು ಸಾಮಾನ್ಯವಾಗಿ ಅಚ್ಚುಕಟ್ಟಾಗಿಯೇ ಬರುತ್ತವೆ.

ಈ ಪರಿಶೀಲನೆಯಲ್ಲೇ ಕಿಣ್ವದ ನಿಜವಾದ ಗುಟ್ಟು ಹೊರಬಿತ್ತು. ಕಿಣ್ವದ ಕ್ರಿಯೆ ನಡೆಯುವ ಸಕ್ರಿಯ ತಾಣದಲ್ಲಿ, ಹಿಸ್ಟಿಡೀನ್ ಎಂಬ ಅಮೈನೋ ಆಮ್ಲದ ಮೂರು ಘಟಕಗಳ ನಡುವೆ, ಮಾದರಿ ವಿವರಿಸಲಾಗದ ಪ್ರಬಲ ಸಾಂದ್ರತೆಯೊಂದು ಕಾಣಿಸಿತು. ಸತುವಿನ ಹೀರಿಕೆಯ ಅಂಚಿನ, ಅಂದರೆ ಸತು ಕ್ಷ-ಕಿರಣಗಳನ್ನು ಹೀರುವ ಪ್ರಮಾಣ ಹಠಾತ್ತನೆ ಬದಲಾಗುವ ಬಿಂದುವಿನ, ಎರಡೂ ಬದಿಯ ತರಂಗಾಂತರಗಳಲ್ಲಿ ಮತ್ತೆ ದತ್ತಾಂಶ ಸಂಗ್ರಹಿಸಿದಾಗ ಅದು ಸತುವಿನ ಅಯಾನೇ ಎಂದು ಖಚಿತವಾಯಿತು. ಆಲ್ಫಾಫೋಲ್ಡ್ 2ಕ್ಕೆ ಲೋಹಗಳ ಪರಿಚಯವೇ ಇಲ್ಲ. ಆದರೂ ಆ ಹಿಸ್ಟಿಡೀನ್‌ಗಳನ್ನು ಅದು ಸತುವನ್ನು ಹಿಡಿಯುವ ಭಂಗಿಯಲ್ಲೇ ನಿಲ್ಲಿಸಿತ್ತು. ತಾನು ಕಲಿತ ರಚನೆಗಳಲ್ಲಿ ಅಂಥ ತಾಣಗಳನ್ನು ಅದು ಮತ್ತೆ ಮತ್ತೆ ಕಂಡಿತ್ತು. ಆ ರಚನೆಗಳೆಲ್ಲ 1971ರಲ್ಲಿ ಕೇವಲ ಏಳು ರಚನೆಗಳಿಂದ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕಿನವು. ಅರ್ಧ ಶತಮಾನ ಸಾವಿರಾರು ಸಂಶೋಧಕರು ತಮ್ಮ ಫಲಿತಾಂಶಗಳನ್ನು ಯಾರು ಬೇಕಾದರೂ ಬಳಸಲೆಂದು ಅಲ್ಲಿ ಇಡದೆ ಹೋಗಿದ್ದರೆ ಕಲಿಸಲು ಪಠ್ಯವೇ ಇರುತ್ತಿರಲಿಲ್ಲ. 2024ರ ರಸಾಯನಶಾಸ್ತ್ರದ ನೊಬೆಲ್ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಮತ್ತು ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ ಸಂದಾಗ, ಆ ಸಂಶೋಧಕರ ಶ್ರಮವೂ ಗೌರವ ಪಡೆಯಿತು ಎಂದು ನಾನು ಮನಸಾರೆ ಭಾವಿಸಿದೆ. ನಮ್ಮ ರಚನೆಯನ್ನೂ ಮೂಲ ವಿವರ್ತನೆಯ ದತ್ತಾಂಶದೊಂದಿಗೆ ಅದೇ ಸಂಗ್ರಹಕ್ಕೆ ಒಪ್ಪಿಸಿದ್ದೇವೆ.

ಇನ್ನೊಂದು ವ್ಯತ್ಯಾಸ ನಮ್ಮನ್ನು ಈಗಲೂ ಕೆಲಸಕ್ಕೆ ಹಚ್ಚಿದೆ. ಸಕ್ರಿಯ ತಾಣದ ಮೇಲಿನ ಕುಣಿಕೆ ಊಹೆಯಲ್ಲಿ ಮುಚ್ಚಿಕೊಂಡಿದೆ, ನಮ್ಮ ಹರಳಿನಲ್ಲಿ ತೆರೆದುಕೊಂಡಿದೆ. ಕಿಣ್ವ ತನ್ನ ಕೆಲಸದ ವೇಳೆ ಈ ಎರಡೂ ಸ್ಥಿತಿಗಳ ನಡುವೆ ಚಲಿಸುತ್ತಿರಬಹುದು ಎಂಬುದು ನಮ್ಮ ಅಂದಾಜು. 2024ರ ಮೇ ತಿಂಗಳಲ್ಲಿ ಪ್ರಕಟವಾದ ಆಲ್ಫಾಫೋಲ್ಡ್ 3 ಲೋಹದ ಅಯಾನುಗಳನ್ನೂ ಸಣ್ಣ ಅಣುಗಳನ್ನೂ ಪ್ರೋಟೀನಿನೊಂದಿಗೆ ಸೇರಿಸಿಯೇ ಊಹಿಸುತ್ತದೆ. ಕಿಣ್ವವನ್ನು ತಡೆಯುವ ಅಣುವೊಂದನ್ನು ಸೇರಿಸಿ ಅದರಿಂದ ಪಡೆದ ಮಾದರಿಯಲ್ಲೂ ಕುಣಿಕೆ ಮುಚ್ಚಿಯೇ ಇದೆ. ಅದೇ ಅಣುವಿನೊಡನೆ ಬೆಳೆಸುತ್ತಿರುವ ಹರಳುಗಳು ಇನ್ನೂ ಚಿಕ್ಕವಿರುವುದರಿಂದ ಅವುಗಳ ಬೆಳವಣಿಗೆಯ ದ್ರಾವಣವನ್ನು ಸದ್ಯ ಬದಲಾಯಿಸಿ ನೋಡುತ್ತಿದ್ದೇವೆ.