ಕಳೆ ಯಂತ್ರಕ್ಕೆ ಬಿಪಿ ಮೀಟರ್ ಕಟ್ಟಿದ ಮೇಲೆ

ಸ್ಪಾರ್ಕ್ ಇದೆ, ಕಂಪ್ರೆಶನ್ ಇದೆ, ಪೆಟ್ರೋಲ್ ಹೊಸದು, ಆದರೂ ಟೂ-ಸ್ಟ್ರೋಕ್ ಕಳೆ ಯಂತ್ರ ಸ್ಟಾರ್ಟ್ ಆಗುತ್ತಿಲ್ಲವೆಂದರೆ, ಕಾರ್ಬ್ಯುರೇಟರ್‌ಗೆ ದುಡ್ಡು ಸುರಿಯುವ ಮೊದಲು ಕ್ರ್ಯಾಂಕ್‌ಕೇಸ್ (ಪಿಸ್ಟನ್ನಿನ ಕೆಳಗಿನ ಮುಚ್ಚಿದ ಕೋಣೆ) ಗಾಳಿ ಹಿಡಿಯುತ್ತದೆಯೇ ಎಂದು ನೋಡಿ. ಈ ಮಾತನ್ನು ನಾನು ಹೇಳಿದಾಗ ಪೇಟೆಯ ರಿಪೇರಿ ಅಂಗಡಿಯಲ್ಲಿ ಒಬ್ಬರೂ ಕಿವಿಗೊಡಲಿಲ್ಲ. ಅವರು "ಎಂಜಿನ್ ಹೋಗಿದೆ, ಹೊಸದು ಹಾಕಿಸಿ" ಎಂದ ಅದೇ ಯಂತ್ರ ಈಗ ಎರಡನೇ ಹಂಗಾಮಿನಲ್ಲೂ ನಮ್ಮ ಅಡಿಕೆ ತೋಟದ ಕಳೆ ಹೊಡೆಯುತ್ತಿದೆ.

ನನ್ನದು 52 ಸಿಸಿಯ, ಬೆನ್ನಿಗೆ ಹೊರುವ ಯಂತ್ರ. ನಮ್ಮದು ಹೊಸನಗರದ ಕಡೆ. ಜೂನ್‌ನಲ್ಲಿ ಕೊಟ್ಟಿಗೆ ಸೇರಿದರೆ ಮಳೆ ಇಳಿಯುವ ತನಕ ಅದು ಹೊರಗೆ ಬರುವುದಿಲ್ಲ. ಕೊಯ್ಲಿಗೆ ಮೊದಲು ಬುಡ ಬಿಡಿಸಬೇಕೆಂದು ತೆಗೆದರೆ, ಹಗ್ಗ ಎಳೆದು ತೋಳು ಸೋತರೂ ಕೆಮ್ಮಲಿಲ್ಲ. ಪ್ಲಗ್ ರಂಧ್ರಕ್ಕೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟರೆ ಎರಡು ಸಲ ಗುಡುಗಿ ನಿಲ್ಲುತ್ತಿತ್ತು. ಪ್ಲಗ್ ಹೊರಗೆ ಬಂದಾಗಲೆಲ್ಲ ಒಣಗಿಯೇ ಇರುತ್ತಿತ್ತು. ಸ್ಟಾರ್ಟರ್ ಹಗ್ಗ ಹಿಡಿದು ಎತ್ತಿದರೆ ಯಂತ್ರ ಕೆಳಗೆ ಜಾರದೆ ತೂಗುತ್ತಿತ್ತು, ಅಂದರೆ ಪಿಸ್ಟನ್ ರಿಂಗ್ ಗಟ್ಟಿಯಾಗಿಯೇ ಇತ್ತು.

ಮೊದಲ ಸುತ್ತಿನಲ್ಲಿ ಹೋದ ಹಣದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಹೊಸ ಪ್ಲಗ್ ನೂರು ಚಿಲ್ಲರೆ. ಸ್ಪಾರ್ಕ್ ಕೊಡುವ ಕಾಯಿಲ್ ಐನೂರರ ಆಸುಪಾಸು. ಕಾರ್ಬ್ಯುರೇಟರ್ ಪೂರ್ತಿ ಹೊಸದು, ಆರುನೂರಕ್ಕೆ ಸ್ವಲ್ಪ ಮೇಲೆ. ಅಂಗಡಿಯವರ ಕೂಲಿ ಎಂಟುನೂರು. ಇಷ್ಟಾದರೂ ಎಂಜಿನ್ ಹಾಗೆಯೇ ಇತ್ತು. ಕೊನೆಗೆ ಅವರು ಹೇಳಿದ ದಾರಿ ಆರೂವರೆ ಸಾವಿರಕ್ಕೆ ಅರ್ಧ ಎಂಜಿನ್, ಅಂದರೆ ಸಿಲಿಂಡರ್, ಪಿಸ್ಟನ್ ಸೇರಿದ ಒಳಭಾಗ. ಈ ನಡುವೆ ಕಳೆ ನಿಲ್ಲುವುದಿಲ್ಲವಲ್ಲ, ಯಂತ್ರ ಸಮೇತ ಬರುವ ಆಳಿಗೆ ದಿನಕ್ಕೆ ಸಾವಿರದ ಇನ್ನೂರರಿಂದ ಸಾವಿರದ ಮುನ್ನೂರು ಕೊಡಬೇಕಾಯಿತು. ಅದೂ ಅವರಿಗೆ ಬಿಡುವಾದಾಗ.

ಪ್ಲಗ್ ಒಣಗಿರುವುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಕಾರ್ಬ್ಯುರೇಟರ್ ಹೊಸದಾದರೂ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಪೆಟ್ರೋಲ್ ಎಳೆಯುವ ಅದರ ಡಯಾಫ್ರಾಂ (ತೆಳು ಪೊರೆಯ) ಪಂಪನ್ನು ಕುಣಿಸುವುದು ಕ್ರ್ಯಾಂಕ್‌ಕೇಸಿನ ಒತ್ತಡವೇ ತಾನೆ? ಅಲ್ಲಿ ಸೋರಿದರೆ ಮೇಲೆ ಏನು ಬದಲಿಸಿ ಏನು ಫಲ? ಇದನ್ನು ಅಳೆಯುವ ಪಂಪ್ ಮತ್ತು ಗೇಜಿನ ಜೋಡಿ ಮೂರು ಸಾವಿರದ ಮೇಲಿತ್ತು. ಅಮ್ಮನ ರಕ್ತದೊತ್ತಡ ನೋಡುವ, ಮುಳ್ಳಿನ ಮೀಟರ್ ಮತ್ತು ಕೈಯಲ್ಲಿ ಒತ್ತುವ ಬಲ್ಬ್ ಇರುವ ಹಳೆಯ ಸಾಧನ ಮನೆಯಲ್ಲೇ ಇತ್ತು. ಅದರ ಮುಳ್ಳು 300ರ ತನಕ ಹೋಗುತ್ತದೆ; ಪಾದರಸದ 300 ಮಿಲಿಮೀಟರ್ ಎಂದರೆ, ಚದರ ಇಂಚಿಗೆ ಪೌಂಡಿನ ಅಳತೆಯಲ್ಲಿ, ಸುಮಾರು 5.8 ಪಿಎಸ್‌ಐ. ಕ್ರ್ಯಾಂಕ್‌ಕೇಸ್ ಪರೀಕ್ಷೆಗೆ ಅಷ್ಟು ಸಾಕು. ಪಕ್ಕದ ತೋಟದವರು ನೋಡಿ, "ಭಾವ, ಎಂಜಿನ್‌ಗೆ ಮಾತ್ರೆಯನ್ನೂ ಬರೆದುಕೊಡುತ್ತೀರಾ?" ಎಂದರು. ಈಗ ಅವರ ಯಂತ್ರವೂ ನನ್ನ ಜಗಲಿಗೇ ಬರುತ್ತದೆ.

ಸೈಲೆನ್ಸರ್ ಮತ್ತು ಕಾರ್ಬ್ಯುರೇಟರ್ ಬಿಚ್ಚಿ, ಆ ಜಾಗಗಳಲ್ಲಿ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಮೇಲೊಂದು ತಗಡಿನ ಪಟ್ಟಿ ಕೊಟ್ಟು ಅದೇ ಬೋಲ್ಟ್‌ಗಳಲ್ಲಿ ಬಿಗಿದೆ. ಪಿಸ್ಟನ್ ಪೂರ್ತಿ ಕೆಳಗಿರಬೇಕು, ಆಗ ಪ್ಲಗ್ ರಂಧ್ರದಿಂದ ಹಾಕಿದ ಗಾಳಿ ಕ್ರ್ಯಾಂಕ್‌ಕೇಸ್‌ಗೂ ಇಳಿಯುತ್ತದೆ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ಬಿಪಿ ಕೊಳವೆ ಕೂರಿಸಿದೆ. ಗಾಳಿ ನುಸುಳದಂತೆ ಅದನ್ನು ಕೂರಿಸಿದ ಬಗೆ ನನ್ನಲ್ಲೇ ಇರಲಿ, ಅದಕ್ಕೆ ಒಂದು ಮಳೆಗಾಲ ಕಳೆದಿದ್ದೇನೆ. ಮೊದಲು ಬಳಸಿದ ಅಂಟುಗಳೆಲ್ಲ ಪೆಟ್ರೋಲ್ ಪಸೆಗೆ ಬಿಟ್ಟುಕೊಂಡವು, ಸೋರುವುದು ಎಂಜಿನ್ನೋ ನನ್ನ ಜೋಡಣೆಯೋ ತಿಳಿಯದೆ ಹೋಗುತ್ತಿತ್ತು.

ಜೋಡಣೆ ಸರಿಹೋದ ದಿನ ಮುಳ್ಳನ್ನು 300ಕ್ಕೆ ಏರಿಸಿದೆ. ಮೂರು ಎಣಿಸುವುದರೊಳಗೆ ಸೊನ್ನೆಗೆ ಬಂತು. ಸಾಬೂನು ನೀರು ಹಚ್ಚಿದರೆ ಮ್ಯಾಗ್ನೆಟ್ (ಅಯಸ್ಕಾಂತದ ಚಕ್ರ) ಬದಿಯಲ್ಲಿ, ಶಾಫ್ಟಿನ ಸುತ್ತ ಸೋರಿಕೆ ತಡೆಯುವ ರಬ್ಬರ್ ಉಂಗುರವಾದ ಆಯಿಲ್ ಸೀಲ್ ಸುತ್ತ ನೊರೆ ಉಕ್ಕಿತು. ಮ್ಯಾಗ್ನೆಟ್ ಬಿಚ್ಚಿ ನೋಡಿದರೆ ಶಾಫ್ಟಿನ ಮೇಲೆ ತುಕ್ಕಿನ ಉಂಗುರ, ಅದಕ್ಕೆ ಅಂಟಿಕೊಂಡಿದ್ದ ಸೀಲಿನ ತುಟಿ ಹರಿದಿತ್ತು. ಸೀಲಿನ ಮೇಲೆಯೇ ಅಳತೆ ಇರುತ್ತದೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಶಿವಮೊಗ್ಗದ ಬೇರಿಂಗ್ ಅಂಗಡಿಯಲ್ಲಿ ಜೋಡಿಗೆ ನೂರೈವತ್ತು ಕೊಟ್ಟ ನೆನಪು. ಕ್ಲಚ್ ಬದಿಯದನ್ನೂ ಬದಲಿಸಿದೆ. ಶಾಫ್ಟನ್ನು ಸಾವಿರ ನಂಬರಿನ ಎಮರಿ ಕಾಗದಕ್ಕೆ ಎಣ್ಣೆ ಹಾಕಿ ನುಣುಪು ಮಾಡಬೇಕು, ಇಲ್ಲದಿದ್ದರೆ ಹೊಸ ಸೀಲಿಗೂ ಅದೇ ಗತಿ. ಶಾಫ್ಟಿನಲ್ಲಿ ಕೀಲಿ ಕೂರುವ ಕಾಲುವೆಯನ್ನು ದಾಟಿಸುವಾಗ ಸೀಲಿನ ತುಟಿ ಕತ್ತರಿಸಿಹೋಗುತ್ತದೆ. ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಸುತ್ತಿ ಜಾರಿಸಿ. ಜೋಡಿಸಿ ಮತ್ತೆ ಗಾಳಿ ಹಾಕಿದರೆ ಒಂದು ನಿಮಿಷಕ್ಕೂ ಮುಳ್ಳು 280ರ ಹತ್ತಿರವೇ ಇತ್ತು. ನಾಲ್ಕನೆಯದೋ ಐದನೆಯದೋ ಎಳೆತಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. ತೆಗೆದಿಟ್ಟಿದ್ದ ಹಳೆಯ ಕಾರ್ಬ್ಯುರೇಟರನ್ನೇ ಮತ್ತೆ ಹಾಕಿ ನೋಡಿದೆ, ಅದರಲ್ಲೂ ಓಡಿತು!

ಆಮೇಲೆ ಊರಿನ ಏಳೆಂಟು ಯಂತ್ರಗಳಿಗೆ ಇದೇ ಮೀಟರ್ ಕಟ್ಟಿದ್ದೇನೆ. ಅರ್ಧದಷ್ಟಕ್ಕೆ ಸೀಲ್ ಸೋರಿಕೆ. ಒಂದರ ಸೈಲೆನ್ಸರ್ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು, ಮೀಟರೇ ಬೇಕಾಗಲಿಲ್ಲ. ಇನ್ನೊಂದರ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿತ್ತು. ಅಂಥದ್ದು ಸ್ಟಾರ್ಟ್ ಆಗಿ ಸ್ವಲ್ಪ ಓಡಿ ಸಾಯುತ್ತದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಒಳಬಿಡುವ ಸೂಜಿ ಸೋರುತ್ತದೆಯೇ ಎಂಬುದನ್ನೂ ಇದರಲ್ಲೇ ನೋಡಬಹುದು. ಸೂಜಿ ತೆರೆದುಕೊಳ್ಳುವ ಒತ್ತಡ ಮಾತ್ರ ಸಿಗದು, ಅಷ್ಟರೊಳಗೆ ಮೀಟರಿನ ಅಂಕಿ ಮುಗಿಯುತ್ತದೆ.

ಪೆಟ್ರೋಲಿನಲ್ಲಿರುವ ಎಥನಾಲ್ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ಬಾಟಲಿಯಲ್ಲಿ 100 ಮಿಲಿ ಪೆಟ್ರೋಲ್, 20 ಮಿಲಿ ನೀರು ಹಾಕಿ ಕುಲುಕಿ ಇಟ್ಟರೆ ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ನನ್ನ ಬಾಟಲಿಯಲ್ಲಿ ಕೆಳಗಿನ ಪದರ 40 ಮಿಲಿಯ ಹತ್ತಿರಕ್ಕೆ ಬಂತು, ಅಂದರೆ ಸುಮಾರು 20 ಮಿಲಿ ಎಥನಾಲ್. ಹಾಗೆ ತೊಳೆದ ಪೆಟ್ರೋಲಿನಲ್ಲಿ ಎಂಜಿನ್ ಓಡಿಸಿಯೂ ನೋಡಿದೆ. ಎಥನಾಲ್ ಹೋದರೆ ಆಕ್ಟೇನ್ ಇಳಿಯುತ್ತದೆ, ಭಾರಕ್ಕೆ ಬಿಸಿ ಏರಿತು, ಬಿಟ್ಟೆ. ಈಗ ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ, ಪ್ಲಗ್ ರಂಧ್ರಕ್ಕೆ ಒಂದು ಚಮಚ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು ಹಗ್ಗ ಎಳೆದು ಇಡುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಶಾಫ್ಟ್ ತಿರುಗಿಸುತ್ತೇನೆ. ಆಯಿಲಿಗೆ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ, ಮೂರನೇ ಹಂಗಾಮು ದಾಟಿದ ಮೇಲೆ ಅದರ ಹೆಸರು ಹೇಳುತ್ತೇನೆ.

ಮಾಡಿ ನೋಡುವವರು ಮುಳ್ಳನ್ನು 300 ದಾಟಿಸಬೇಡಿ, ಮೀಟರ್ ಕೆಡುತ್ತದೆ. ಪೆಟ್ರೋಲ್ ಆವಿಗೆ ಬಲ್ಬಿನ ರಬ್ಬರ್ ಮೆತ್ತಗಾಗಿ ಅಂಟಂಟಾಗುತ್ತದೆ, ಆದ್ದರಿಂದ ಮನೆಯವರ ಬಿಪಿ ನೋಡುವುದಕ್ಕೆ ಬೇರೆಯೇ ಸಾಧನ ಇರಲಿ. ಬಲ್ಬ್ ಮಾತ್ರ ಬೇಕಾದರೆ ವೈದ್ಯಕೀಯ ಸಲಕರಣೆ ಮಾರುವ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ, ನಾನು ಕೊಟ್ಟದ್ದು ನೂರರ ಒಳಗೆ.