ಇಂಡಿಕೇಟರ್‌ಗೆ ಎಲ್‌ಇಡಿ: ಬಲ್ಬ್ ಹಾಕಿದರೆ ಅರ್ಧ ಕೆಲಸವಷ್ಟೇ

ಕಾರಿನ ಇಂಡಿಕೇಟರ್‌ಗೆ ಹೈಪವರ್ ಎಲ್‌ಇಡಿ ಹಾಕಿಕೊಂಡವರ ಗಾಡಿಗಳನ್ನು ಒಮ್ಮೆ ಗಮನಿಸಿ. ಕೆಲವು ಮೈಮೇಲೆ ದೆವ್ವ ಬಂದಂತೆ ಪಟಪಟ ಮಿಣುಕುತ್ತವೆ. ಇನ್ನು ಕೆಲವು ಹಗಲಲ್ಲಿ ಉರಿಯುತ್ತಿವೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಮಾಲೀಕರು ಬಲ್ಬಿಗೆ ಬೈದು ಇನ್ನೊಂದು ಜೊತೆ ತಂದು ಹಾಕುತ್ತಾರೆ, ಅದೂ ಹಾಗೆಯೇ ಕುಣಿಯುತ್ತದೆ. ಈ ಕುಣಿತಕ್ಕೆ ಕಾರಣ ಬೇರೆಡೆ ಇದೆ, ಅದಕ್ಕೆ ಆಮೇಲೆ ಬರೋಣ.

ಮೊದಲು ಒಂದು ಮಾತು. ಮಾಮೂಲಿ ಬಲ್ಬಿಗೆಂದು ಮಾಡಿದ ಲ್ಯಾಂಪಿನೊಳಗೆ ಎಲ್‌ಇಡಿ ಹಾಕುವುದನ್ನು ಹಲವು ದೇಶಗಳ ನಿಯಮ ಒಪ್ಪುವುದಿಲ್ಲ. ನಿಮ್ಮಲ್ಲಿ ಏನಿದೆ ಎಂದು ನೋಡಿಕೊಂಡೇ ಕೈಹಾಕಿ.

1. ಬಲ್ಬ್ ಆರಿಸುವುದು

ಹಳೆಯ ಬಲ್ಬನ್ನು ಬಿಚ್ಚಿ ಅದರ ಬುಡ ನೋಡಿ. ಪಕ್ಕದ ಎರಡು ಗುಬುಟುಗಳು ನೇರ ಎದುರುಬದುರು ಇದ್ದರೆ ಅದು ಪಿ21ಡಬ್ಲ್ಯೂ ಎಂಬ ಮಾದರಿ. ಸ್ವಲ್ಪ ವಾರೆಯಾಗಿದ್ದರೆ ಪಿವೈ21ಡಬ್ಲ್ಯೂ. ಮೇಲ್ನೋಟಕ್ಕೆ ಎರಡೂ ಒಂದೇ ಥರ, ಆದರೆ ಒಂದರ ಹೋಲ್ಡರಿಗೆ ಇನ್ನೊಂದು ಕೂರುವುದಿಲ್ಲ. ಗುಬುಟು ಉಜ್ಜಿ ಕೂರಿಸುವವರಿದ್ದಾರೆ, ನೀವು ಆ ಕೆಲಸ ಮಾಡಬೇಡಿ.

ಬಣ್ಣ ಅಂಬರ್ (ಕಿತ್ತಳೆ ಹಳದಿ) ಆಗಿರಲಿ, ಲ್ಯಾಂಪಿನ ಗಾಜು ಬಿಳಿಯಿರಲಿ ಅಂಬರ್ ಇರಲಿ. ಅಂಬರ್ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಅದರ ನೀಲಿ ಪಾಲನ್ನೆಲ್ಲ ಗಾಜು ನುಂಗಿ, ಹೊರಗೆ ಪೇಲವ ಹಳದಿ ಬರುತ್ತದೆ.

ಡಬ್ಬಿಯ ಮೇಲಿನ ವ್ಯಾಟ್ ನಂಬಬೇಡಿ. ಬೆಳಕು ಕೊಡುವ ಚಿಪ್‌ಗಳೆಲ್ಲ ಮೂತಿಯಲ್ಲೇ ಇರುವ ಬಲ್ಬು ಕಣ್ಣಿಗೆ ಕುಕ್ಕುತ್ತದೆ, ಆದರೆ ಲ್ಯಾಂಪಿನೊಳಗಿನ ಹೊಳೆಯುವ ಬಟ್ಟಲಿಗೆ (ರಿಫ್ಲೆಕ್ಟರ್) ಬೆಳಕು ಬೀಳದೆ ಪಕ್ಕದಿಂದ ನೋಡುವವರಿಗೆ ಲ್ಯಾಂಪ್ ಖಾಲಿ ಕಾಣುತ್ತದೆ. ಸುತ್ತಲೂ ಚಿಪ್ ಇರಬೇಕು, ಅವು ಹಳೆಯ ಫಿಲಮೆಂಟ್ ಇದ್ದ ಎತ್ತರಕ್ಕೇ ಬರಬೇಕು. ಬುಡದಲ್ಲಿ ಅಲ್ಯೂಮಿನಿಯಂ ಮೈ ಇರಲಿ. ಎಲ್‌ಇಡಿಯ ಬಿಸಿ ಬೆಳಕಿನ ಜೊತೆ ಮುಂದಕ್ಕೆ ಹೋಗುವುದಿಲ್ಲ, ಬುಡಕ್ಕೇ ಇಳಿಯುತ್ತದೆ. ಕೈಗೆ ಹಗುರ ಪ್ಲಾಸ್ಟಿಕ್‌ನಂತಿರುವುದು ಬೇಡವೇ ಬೇಡ.

2. ಕೂರಿಸುವುದು

ಬ್ಯಾಟರಿಯ ನೆಗೆಟಿವ್ ಕಳಚಿ, ಬಲ್ಬ್ ಬದಲಿಸಿ, ರಬ್ಬರ್ ಸೀಲ್ ಸರಿಯಾಗಿ ಕೂತಿದೆಯೇ ನೋಡಿ. ಚಪ್ಪಟೆ ಬುಡದ ಮಾದರಿಯಾದರೆ, ಉರಿಯದಿದ್ದಾಗ ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್ ಮೈನಸ್ ಇರುತ್ತದೆ.

3. ಮಿಣುಕು ಸರಿಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಹಳೆಯ 21 ವ್ಯಾಟ್ ಬಲ್ಬು 12 ವೋಲ್ಟಿಗೆ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಎಳೆಯುವುದು ಅದರ ಒಂದು ಸಣ್ಣ ಪಾಲು. ಇಂಡಿಕೇಟರನ್ನು ಮಿಣುಕಿಸುವ ಸಾಧನವಾದ ಫ್ಲ್ಯಾಷರ್ ಈ ಕರೆಂಟನ್ನು ನೋಡಿಯೇ ಬಲ್ಬ್ ಸುಟ್ಟಿದೆಯೇ ಎಂದು ತೀರ್ಮಾನಿಸುವುದು. ಕರೆಂಟ್ ಕಡಿಮೆಯಾದರೆ ಚಾಲಕನಿಗೆ ತಿಳಿಸಲೆಂದು ಮಿಣುಕನ್ನು ಇಮ್ಮಡಿ ವೇಗಕ್ಕೆ ಏರಿಸುತ್ತದೆ. ಅಂದರೆ ನಿಮ್ಮ ಗಾಡಿ ಕೆಟ್ಟಿಲ್ಲ, ಅದರ ಕೆಲಸ ಅದು ಮಾಡುತ್ತಿದೆ.

ಎರಡು ದಾರಿಗಳಿವೆ: ಫ್ಲ್ಯಾಷರನ್ನೇ ಬದಲಿಸುವುದು, ಇಲ್ಲವೇ ಹಳೆಯ ಬಲ್ಬಿನ ಬದಲು ಕರೆಂಟ್ ಎಳೆಯುವ ರೆಸಿಸ್ಟರ್ ಎಂಬ ತುಂಡು ಹಾಕುವುದು. ಪ್ರತ್ಯೇಕ ಫ್ಲ್ಯಾಷರ್ ರಿಲೇ ಇರುವ ಹಳೆಯ ಕಾರಾದರೆ ಎಲ್‌ಇಡಿಗೆಂದೇ ಬರುವ ಎಲೆಕ್ಟ್ರಾನಿಕ್ ರಿಲೇ ಹಾಕಿ. ಇದು ಆಗುವುದಾದರೆ ರೆಸಿಸ್ಟರ್ ಯೋಚನೆ ಕೂಡ ಬೇಡ. ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕಿಸುವ ಗುಂಡಿ) ಒತ್ತಿ, ಟಿಕ್ ಟಿಕ್ ಸದ್ದು ಬರುವ ಕಡೆ ಡ್ಯಾಶ್‌ಬೋರ್ಡ್ ಕೆಳಗೆ ಕೈಯಾಡಿಸಿದರೆ ರಿಲೇ ಬೆರಳಿಗೆ ಸಿಗುತ್ತದೆ. ಹೊಸದನ್ನು ಚುಚ್ಚುವ ಮೊದಲು ಪಿನ್ ಗುರುತು ಹೊಂದಿಸಿ: ಬಿ ಅಥವಾ 49 ಬ್ಯಾಟರಿ, ಎಲ್ ಅಥವಾ 49ಎ ಲ್ಯಾಂಪ್, ಇ ಅಥವಾ 31 ಅರ್ತ್. ಪಿನ್ ಆಕಾರ ಒಂದೇ ಇದ್ದು ಕ್ರಮ ಬೇರೆಯಿರುವ ರಿಲೇಗಳು ಬೇಕಾದಷ್ಟಿವೆ. ಹಳೆಯದಕ್ಕೆ ಎರಡೇ ಪಿನ್ ಇದ್ದು ಹೊಸದು ಮೂರು ಪಿನ್ನಿನದಾದರೆ ಅರ್ತ್‌ಗೆ ಒಂದು ತಂತಿಯನ್ನು ಕಾರಿನ ಲೋಹದ ಮೈಗೆ ಎಳೆಯಬೇಕು.

ಹೊಸ ಕಾರುಗಳಲ್ಲಿ ಮಿಣುಕಿಸುವುದು ಕಂಪ್ಯೂಟರ್, ಹಲವದರಲ್ಲಿ ಟಿಕ್ ಟಿಕ್ ಸದ್ದು ಕೂಡ ಸ್ಪೀಕರಿನದು. ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಿಂದ ಸೆಟ್ಟಿಂಗ್ ಬದಲಿಸಲು ಆಗದಿದ್ದರೆ ಆಗ ಮಾತ್ರ ರೆಸಿಸ್ಟರ್. ಸಾಮಾನ್ಯವಾಗಿ 6 ಓಮ್, 50 ವ್ಯಾಟ್, ಬದಲಿಸಿದ ಒಂದು ಬಲ್ಬಿಗೆ ಒಂದು. ಇದು ತಂತಿಯನ್ನು ಕತ್ತರಿಸಿ ನಡುವೆ ಸೇರಿಸುವ ವಸ್ತುವಲ್ಲ. ಒಂದು ತುದಿ ಇಂಡಿಕೇಟರ್ ತಂತಿಗೆ, ಇನ್ನೊಂದು ಅರ್ತ್‌ಗೆ, ಅಂದರೆ ಬಲ್ಬಿಗೆ ಸಮಾಂತರವಾಗಿ. ನಡುವೆ ಸೇರಿಸಿದರೆ ಬೆಳಕೂ ಕುಗ್ಗುತ್ತದೆ, ಪಟಪಟವೂ ನಿಲ್ಲುವುದಿಲ್ಲ. ಪ್ಲಸ್ ಮೈನಸ್ ಚಿಂತೆ ಇದಕ್ಕಿಲ್ಲ.

ಇಂಜಿನ್ ಓಡುವಾಗ ವೋಲ್ಟೇಜ್ 14ರ ಹತ್ತಿರ. ಆಗ ಒಂದೊಂದು ರೆಸಿಸ್ಟರ್ ಉರಿದಾಗಲೆಲ್ಲ 32 ವ್ಯಾಟಿನಷ್ಟು ಬಿಸಿ ಉಗುಳುತ್ತದೆ, ಮಿಣುಕಿನ ನಡುವಿನ ಬಿಡುವು ಸೇರಿಸಿದರೂ ಅರ್ಧ. ಹಜಾರ್ಡ್ ಹಾಕಿ ನಿಂತರೆ ಮುಟ್ಟಿದ ಬೆರಳು ಸುಡುತ್ತದೆ. ಇದನ್ನು ಟೇಪ್ ಸುತ್ತಿ ಬಂಪರಿನ ಪ್ಲಾಸ್ಟಿಕ್ಕಿಗೋ ವೈರಿಂಗ್ ಕಟ್ಟಿಗೋ ಅಂಟಿಸುತ್ತಾರಲ್ಲ, ಅವರಿಗೆ ಧೈರ್ಯ ಹೆಚ್ಚು. ಬರಿಯ ಲೋಹದ ಮೇಲೆ, ಸ್ಕ್ರೂ ಹಾಕಿ, ತಂತಿ ತಾಗದಂತೆ ಬಿಗಿಯಿರಿ. ಲೋಹ ಬಿಸಿಯನ್ನು ಎಳೆದುಕೊಂಡರೆ ಮಾತ್ರ ಆ 50 ವ್ಯಾಟ್ ಲೆಕ್ಕ ನಿಜ.

ತಂತಿ ಸೇರಿಸಲು ಚಿಟಕ್ಕನೆ ಕಚ್ಚುವ ಕ್ಲಿಪ್‌ಗಳು ಡಬ್ಬಿಯಲ್ಲೇ ಬರುತ್ತವೆ. ಬಿಸಾಡಿ. ಮಳೆನೀರು ಒಳಸೇರಿ ಹಸಿರುಗಟ್ಟುತ್ತವೆ. ತಂತಿಗಳನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಒತ್ತಿ ಸೇರಿಸಿ), ಬಿಸಿಗೆ ಕುಗ್ಗುವ ಕೊಳವೆ ಹಾಕಿ.

4. ಪರೀಕ್ಷೆ

ಗಡಿಯಾರ ಹಿಡಿದು ಎಣಿಸಿ: ನಿಮಿಷಕ್ಕೆ 60ರಿಂದ 120ರೊಳಗೆ ಇರಬೇಕು. ಎಡಕ್ಕೆ ಹಾಕಿದಾಗ ಬಲವೂ ಮಿಣುಕಿದರೆ, ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎರಡೂ ಕಡೆಗೆ ಒಂದೇ ದೀಪ ಇರಬಹುದು. ಕರೆಂಟ್ ಅದರ ಮೂಲಕ ಆಚೆ ದಾಟುತ್ತದೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡ್ ಹಾಕಿದರೆ ನಿಲ್ಲುತ್ತದೆ. ಬಿಸಿಲಲ್ಲಿ ದೂರ ನಿಂತು, ಪಕ್ಕದಿಂದಲೂ ನೋಡಿ. ಹಜಾರ್ಡ್ ಹತ್ತು ನಿಮಿಷ ಬಿಟ್ಟು ಬೆಳಕು ಮಂಕಾಗಿದೆಯೇ ಗಮನಿಸಿ. ಮಂಕಾದರೆ ಬಲ್ಬು ಬಿಸಿ ತಡೆಯುತ್ತಿಲ್ಲ, ವಾಪಸ್ ಕೊಡಿ.

ಇನ್ನು ಮೇಲೆ ಎಲ್‌ಇಡಿ ಸತ್ತರೆ ಗಾಡಿ ನಿಮಗೆ ಹೇಳುವುದಿಲ್ಲ. ರೆಸಿಸ್ಟರ್ ಕರೆಂಟ್ ಎಳೆಯುತ್ತಲೇ ಇರುತ್ತದೆ, ಎಲ್‌ಇಡಿ ರಿಲೇ ಕರೆಂಟ್ ನೋಡುವುದೇ ಇಲ್ಲ. ತಿಂಗಳಿಗೊಮ್ಮೆ ಹಜಾರ್ಡ್ ಒತ್ತಿ ಕಾರಿನ ಸುತ್ತ ಬನ್ನಿ. ಬಿಚ್ಚಿದ ಹಳೆಯ ಬಲ್ಬುಗಳು ಡಿಕ್ಕಿಯಲ್ಲೇ ಇರಲಿ.